ಬಿಸಾಡುವ ಮೊದಲು ಬಿಚ್ಚಿ ನೋಡಿ: ನೆರೆಹೊರೆಯವರು ಸೇರಿ ನಡೆಸುವ ರಿಪೇರಿ ದಿನದ ಬಗ್ಗೆ

ಪ್ರಶ್ನೆ: ನಮ್ಮ ನೆರೆಹೊರೆಯ ಹತ್ತು ಹದಿನೈದು ಮಂದಿ ಸೇರಿ ತಿಂಗಳಿಗೊಮ್ಮೆ ‘ರಿಪೇರಿ ದಿನ’ ನಡೆಸಬೇಕು ಎಂದುಕೊಂಡಿದ್ದೇವೆ. ಕೆಟ್ಟ ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ದೀಪ ತಂದವರಿಗೆ ಕೆಲಸ ಗೊತ್ತಿರುವವರು ಉಚಿತವಾಗಿ ಸರಿಮಾಡಿಕೊಡುವುದು ಎಂಬ ಯೋಚನೆ. ಆದರೆ ಮನೆಯಲ್ಲೇ ಆಕ್ಷೇಪ ಬಂದಿದೆ. ಬೆಟ್ಟದಷ್ಟು ಕಸ ಬಿದ್ದಿರುವಾಗ ನೀವು ಇಪ್ಪತ್ತು ಸಾಮಾನು ಸರಿಮಾಡಿದರೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುತ್ತಾರೆ. ಯಾರಿಗಾದರೂ ಶಾಕ್ ಹೊಡೆದರೆ ಹೊಣೆ ಯಾರದು, ರಿಪೇರಿ ಅಂಗಡಿಯವರ ಹೊಟ್ಟೆ ಮೇಲೆ ಹೊಡೆದಂತಾಗದೇ ಎಂದೂ ಕೇಳುತ್ತಾರೆ. ಇದು ಮಾಡುವಂಥ ಕೆಲಸವೇ? ಮಾಡುವುದಾದರೆ ಹೇಗೆ?

ಉತ್ತರ: ಖಂಡಿತ ಮಾಡಿ. ಆದರೆ ನಿಮ್ಮ ಯೋಚನೆಯಲ್ಲಿ ಒಂದು ಮಾತನ್ನು ಬದಲಿಸಿಕೊಳ್ಳಿ. ‘ಗೊತ್ತಿರುವವರು ಸರಿಮಾಡಿಕೊಡುವುದು’ ಎಂದು ಬರೆದಿದ್ದೀರಿ. ಅದರ ಬದಲು ‘ತಂದವರ ಜೊತೆ ಕೂತು ಸರಿಮಾಡುವುದು’ ಎಂದಿರಲಿ. ನಾನು ಇಷ್ಟು ವರ್ಷ ಇಂಥ ಮೇಜುಗಳ ಹಿಂದೆ ಕೂತು ಕಲಿತದ್ದೆಲ್ಲ ಈ ಬದಲಾವಣೆಯಲ್ಲೇ ಇದೆ. ಯಾಕೆ ಎಂದು ಮುಂದೆ ಹೇಳುತ್ತೇನೆ. ಮೊದಲು ಮನೆಯವರ ಆಕ್ಷೇಪಕ್ಕೆ ಬರುತ್ತೇನೆ, ಅದು ತಳ್ಳಿಹಾಕುವಂಥದ್ದಲ್ಲ.

ತೂಕದ ಲೆಕ್ಕ ಹಿಡಿದರೆ ಅವರು ಹೇಳುವುದು ನಿಜ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಹೊರತಂದ ಜಾಗತಿಕ ಇ-ತ್ಯಾಜ್ಯ ವರದಿಯ ಪ್ರಕಾರ, 2022ರ ಒಂದೇ ವರ್ಷದಲ್ಲಿ ಜಗತ್ತು ಎಸೆದ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಸಾಮಾನು 6.2 ಕೋಟಿ ಟನ್. ಅದರಲ್ಲಿ ಸರಿಯಾದ ದಾರಿಯಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋಯಿತು ಎಂಬ ದಾಖಲೆ ಇರುವುದು ಶೇ. 22.3ಕ್ಕೆ ಮಾತ್ರ. ಹೀಗೇ ನಡೆದರೆ 2030ಕ್ಕೆ 8.2 ಕೋಟಿ ಟನ್ ಆಗುತ್ತದೆ ಎಂದು ಅದೇ ವರದಿ ಅಂದಾಜು ಮಾಡಿದೆ. ನೀವು ತಿಂಗಳಿಗೆ ಇಪ್ಪತ್ತು ಸಾಮಾನು ಉಳಿಸಿದಿರಿ, ಒಂದೊಂದು ಒಂದೂವರೆ ಕಿಲೋ ಎಂದಿಟ್ಟುಕೊಳ್ಳಿ. ವರ್ಷಕ್ಕೆ 360 ಕಿಲೋ. ಹನಿಗೂಡಿದರೆ ಹಳ್ಳ ಎಂದು ನಿಮಗೆ ಸಮಾಧಾನ ಹೇಳಲು ಹೋಗುವುದಿಲ್ಲ, ಈ ಹನಿಗಳು ಆ ಹಳ್ಳವನ್ನು ತುಂಬುವುದಿಲ್ಲ.

ಆದರೆ ತಕ್ಕಡಿಗೆ ಸಿಗದ ತೂಕವೊಂದಿದೆ. ಕಸದ ಗುಡ್ಡೆಯಲ್ಲಿ ಬಿದ್ದ ಫೋನಿನ ತೂಕ ಇನ್ನೂರು ಗ್ರಾಂ ಇದ್ದೀತು. ಅದನ್ನು ತಯಾರಿಸಲು ಅಗೆದ ಮಣ್ಣು, ಕರಗಿಸಿದ ಅದಿರು, ಒಳಗಿನ ಎಲೆಕ್ಟ್ರಾನಿಕ್ ಚಿಪ್ ಮಾಡಲು ಸುರಿದ ನೀರು ಮತ್ತು ವಿದ್ಯುತ್ತು ಆ ಇನ್ನೂರು ಗ್ರಾಮಿನಲ್ಲಿ ಕಾಣುವುದಿಲ್ಲ. ಫೋನು, ಲ್ಯಾಪ್‌ಟಾಪುಗಳು ತಮ್ಮ ಆಯುಷ್ಯದಲ್ಲಿ ಉಂಟುಮಾಡುವ ಇಂಗಾಲದ ಹೊರೆಯ ಬಹುಪಾಲು ನಾವು ಅವನ್ನು ಮೊದಲ ಸಲ ಆನ್ ಮಾಡುವ ಮುನ್ನವೇ ಮುಗಿದಿರುತ್ತದೆ. ಹಾಗಾಗಿ ಇದ್ದದ್ದನ್ನೇ ಇನ್ನೆರಡು ವರ್ಷ ಓಡಿಸುವುದಕ್ಕೆ ಸಮನಾದ ಉಳಿತಾಯ ಬೇರೆ ಇಲ್ಲ.

ಕಾಯಿಸುವ ಸಾಮಾನಿನ ಕತೆ ಬೇರೆ. ಕೆಟಲ್, ಇಸ್ತ್ರಿಪೆಟ್ಟಿಗೆಗಳು ತಯಾರಿಕೆಗಿಂತ ಬಳಕೆಯಲ್ಲೇ ಹೆಚ್ಚು ವಿದ್ಯುತ್ ತಿನ್ನುತ್ತವೆ. ಆದರೂ ‘ಹಳೆಯದು ಕರೆಂಟು ಹೆಚ್ಚು ಎಳೆಯುತ್ತದೆ, ಹೊಸದು ತಗೊಳ್ಳೋಣ’ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಕಾಯಿಲ್ ಹಳೆಯದಿರಲಿ ಹೊಸದಿರಲಿ, ಒಳಗೆ ಹೋದ ವಿದ್ಯುತ್ತೆಲ್ಲ ಶಾಖವೇ ಆಗುತ್ತದೆ. ಹಳೆಯ ಕೆಟಲ್ ಸರಿಮಾಡಿಕೊಂಡವರಿಗೆ ಅದರಿಂದ ನಷ್ಟವಿಲ್ಲ. ತೀರಾ ಹಳೆಯ ಫ್ರಿಜ್ಜಿನ ವಿಷಯದಲ್ಲಿ ಮಾತ್ರ ಆ ಮಾತಿಗೆ ಅರ್ಥವಿದೆ, ಅಲ್ಲಿ ಹೊಸದು ನಿಜವಾಗಿ ಕಡಿಮೆ ವಿದ್ಯುತ್ತಿನಲ್ಲಿ ಓಡುತ್ತದೆ. ಹೇಗೂ ಫ್ರಿಜ್ಜು ನಿಮ್ಮ ಮೇಜಿಗೆ ಬರುವ ಸಾಮಾನಲ್ಲ.

ಈಗ ಜೊತೆಗೆ ಕೂರುವ ಮಾತು. 2009ರ ಅಕ್ಟೋಬರ್ 18ರಂದು ನೆದರ್ಲೆಂಡ್ಸಿನ ಆಮ್‌ಸ್ಟರ್‌ಡಾಮಿನಲ್ಲಿ ಮಾರ್ಟಿನ್ ಪೋಸ್ಟ್ಮಾ ಎಂಬ ಪತ್ರಕರ್ತೆ ಮೊದಲ ‘ರಿಪೇರ್ ಕೆಫೆ’ ನಡೆಸಿದರು. ಬಳಸಿ ಬಿಸಾಡುವುದೇ ರೂಢಿಯಾದಲ್ಲಿ, ಜನರಿಗೆ ಸರಿಮಾಡುವ ಮನಸ್ಸಿದ್ದರೂ ಕೈಗೆ ದಾರಿ ಇಲ್ಲ ಎಂಬುದು ಅವರಿಗೆ ಕಂಡ ಕೊರತೆ. ಅದೇ ವರ್ಷ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ‘ಫಿಕ್ಸಿಟ್ ಕ್ಲಿನಿಕ್’, 2012ರಲ್ಲಿ ಲಂಡನ್ನಿನಲ್ಲಿ ‘ರೀಸ್ಟಾರ್ಟ್ ಪ್ರಾಜೆಕ್ಟ್’ ಶುರುವಾದವು. ಇವತ್ತು ಇಂಥ ಕೂಟಗಳು ಸಾವಿರಾರು ಇವೆ. ಹೆಸರು ಬೇರೆ, ದೇಶ ಬೇರೆ, ಆದರೆ ಬಹುಪಾಲು ಎಲ್ಲರೂ ಬಿಡದೆ ಹಿಡಿದಿರುವ ಕಟ್ಟಳೆ ಒಂದೇ: ಸಾಮಾನು ಕೊಟ್ಟು, ಸಂಜೆ ಬಂದು ಒಯ್ಯುತ್ತೇನೆ ಎನ್ನುವ ಹಾಗಿಲ್ಲ. ತಂದವರು ಮೇಜಿನ ಬಳಿ ಕೂರಬೇಕು.

ಇದು ಬರೀ ಶಿಷ್ಟಾಚಾರವಲ್ಲ. ಸಾಮಾನು ಹೇಗೆ ಕೆಟ್ಟಿತು ಎಂಬುದು ಅವರಿಗಷ್ಟೇ ಗೊತ್ತು. ‘ಇದ್ದಕ್ಕಿದ್ದಂತೆ ನಿಂತಿತು’ ಎಂದು ಶುರುಮಾಡಿದವರು ಎರಡು ನಿಮಿಷ ಬಿಟ್ಟು ‘ಅದಕ್ಕೆ ಮುಂಚೆ ಒಂದು ವಾರ ವೈರು ಅಲುಗಾಡಿಸಿದರೆ ಮಾತ್ರ ಓಡುತ್ತಿತ್ತು’ ಎನ್ನುತ್ತಾರೆ. ಆ ಒಂದು ಮಾತಿಗೆ ಅರ್ಧ ಗಂಟೆ ಉಳಿಯುತ್ತದೆ. ಅವರ ಕೈಯಲ್ಲೇ ಸ್ಕ್ರೂಡ್ರೈವರ್ ಕೊಟ್ಟು ಮುಚ್ಚಳ ಬಿಚ್ಚಿಸಿ. ಹತ್ತು ವರ್ಷ ದಿನವೂ ಕೈಯಾಡಿಸಿದ ಮಿಕ್ಸಿಯ ಒಳಗನ್ನು ಮೊದಲ ಸಲ ನೋಡಿದಾಗ ಜನರ ಮುಖ ಬದಲಾಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಒಳಗೆ ಏನೋ ಮಾಯೆ ಇದೆ ಎಂದುಕೊಂಡಿರುತ್ತಾರೆ. ನೋಡಿದರೆ ಒಂದು ಮೋಟಾರು, ಒಂದು ಸ್ವಿಚ್ಚು, ನಾಲ್ಕು ವೈರು. ‘ಇಷ್ಟೇನಾ’ ಎನ್ನುತ್ತಾರೆ. ಆ ‘ಇಷ್ಟೇನಾ’ ಬಾಯಿಂದ ಬಂದವರು ಮುಂದಿನ ಸಲ ಅಂಗಡಿಗೆ ಹೋದಾಗ ಸಾಮಾನನ್ನು ತಿರುಗಿಸಿ, ತಳದಲ್ಲಿ ಸ್ಕ್ರೂ ಇದೆಯೇ, ಅಂಟು ಹಾಕಿ ಮುಚ್ಚಿದ್ದಾರೆಯೇ ಎಂದು ನೋಡುತ್ತಾರೆ. 360 ಕಿಲೋ ಲೆಕ್ಕದ ಆಚೆ ನಿಮಗೆ ಸಿಗುವ ನಿಜವಾದ ಫಲ ಅದು.

ಇನ್ನು, ಏನು ಕೆಟ್ಟಿರುತ್ತದೆ? ಹೊಸದಾಗಿ ಶುರುಮಾಡುವವರು ಹೆದರುವುದು ಇದಕ್ಕೇ. ನಮಗೆ ಸರ್ಕ್ಯೂಟು ಗೊತ್ತಿಲ್ಲ, ಚಿಪ್ ಗೊತ್ತಿಲ್ಲ ಎನ್ನುತ್ತಾರೆ. ಮೇಜಿಗೆ ಬರುವ ಸಾಮಾನುಗಳಲ್ಲಿ ಹೆಚ್ಚಿನವಕ್ಕೆ ಅದು ಬೇಕಾಗುವುದೇ ಇಲ್ಲ. ಕೆಡುವುದು ಅಲುಗಾಡುವ ಜಾಗ, ಕಾಯುವ ಜಾಗ, ಉಜ್ಜುವ ಜಾಗ, ಕೊಳೆ ಕೂರುವ ಜಾಗ. ಈ ನಾಲ್ಕನ್ನು ಮೊದಲು ನೋಡಿ.

ಅಲುಗಾಡುವ ಜಾಗ ಎಂದರೆ ವೈರು ಸಾಮಾನಿನ ಒಳಗೆ ಹೊಗುವ ಕುತ್ತಿಗೆ. ಇಸ್ತ್ರಿಪೆಟ್ಟಿಗೆಯಲ್ಲಂತೂ ಇದೇ ಮೊದಲ ಶಂಕಿತ. ಮೇಲಿನ ಹೊದಿಕೆ ಚೆನ್ನಾಗೇ ಕಾಣುತ್ತದೆ, ಒಳಗೆ ತಾಮ್ರದ ಎಳೆಗಳು ತುಂಡಾಗಿರುತ್ತವೆ. ಪ್ಲಗ್ ಕಿತ್ತು, ವಿದ್ಯುತ್ತನ್ನೂ ಸಂಪರ್ಕವನ್ನೂ ಅಳೆಯುವ ಮಲ್ಟಿಮೀಟರನ್ನು ಬೀಪ್ ಸದ್ದಿನ ಸ್ಥಾನಕ್ಕೆ ತಿರುಗಿಸಿ, ವೈರಿನ ಎರಡೂ ತುದಿಗೆ ಮುಟ್ಟಿಸಿ, ಕುತ್ತಿಗೆಯ ಹತ್ತಿರ ಮೆಲ್ಲಗೆ ಬಗ್ಗಿಸಿ ನೋಡಿ. ಸದ್ದು ಬಂದು ಹೋಗಿ ಮಾಡಿದರೆ ಕಾಯಿಲೆ ಸಿಕ್ಕಿತು. ಒಂದು ಗೇಣು ಕತ್ತರಿಸಿ ಉಳಿದದ್ದನ್ನು ಮತ್ತೆ ಜೋಡಿಸಿದರೆ ಸಾಕು. ಆದರೆ ವೈರು ಜಗ್ಗಿದರೆ ಜೋಡಣೆಯ ಮೇಲೆ ಭಾರ ಬೀಳದಂತೆ ಹಿಡಿದಿಡುವ ಕ್ಲಾಂಪನ್ನು ಮೊದಲಿದ್ದ ಹಾಗೆಯೇ ಕೂರಿಸಬೇಕು. ಅದನ್ನು ಬಿಟ್ಟ ರಿಪೇರಿ ರಿಪೇರಿಯಲ್ಲ.

ಕಾಯುವ ಜಾಗದಲ್ಲಿ ಥರ್ಮಲ್ ಫ್ಯೂಸ್ ಇರುತ್ತದೆ. ಮಿತಿ ಮೀರಿ ಕಾದರೆ ಒಮ್ಮೆ ಕತ್ತರಿಸಿಕೊಳ್ಳುತ್ತದೆ, ಮತ್ತೆ ಸೇರುವುದಿಲ್ಲ. ಅಂಗುಲ ಉದ್ದದ ಈ ತುಣುಕು ಹೋಯಿತೆಂದು ಇಡೀ ಸಾಮಾನು ಕಸಕ್ಕೆ ಹೋಗುತ್ತದೆ. ಇದನ್ನು ಬದಲಿಸುವಾಗ ಮೂರು ಮಾತು ಮರೆಯಬಾರದು. ಅದರ ಮೇಲೆ ಬರೆದಿರುವ ಉಷ್ಣತೆ ಮತ್ತು ಆಂಪಿಯರ್ ಇರುವುದನ್ನೇ ಹಾಕಬೇಕು. ಬೆಸುಗೆ ಹಾಕುವ ಬದಲು ಕ್ರಿಂಪ್ ಮಾಡಬೇಕು, ಎಂದರೆ ಪುಟ್ಟ ಲೋಹದ ಕೊಳವೆಯೊಳಗೆ ತುದಿಗಳನ್ನಿಟ್ಟು ಒತ್ತಿ ಬಿಗಿಯಬೇಕು: ಬೆಸುಗೆಯ ಬಿಸಿಗೆ ಹೊಸ ಫ್ಯೂಸೇ ಹೋಗಿಬಿಡಬಹುದು, ಆಮೇಲೆ ಸಾಮಾನು ಕಾದಾಗ ಬೆಸುಗೆಯೂ ಸಡಿಲಾಗಬಹುದು. ಮೂರನೆಯದು, ಅದು ಯಾಕೆ ಹೋಯಿತು ಎಂದು ಕೇಳಿಕೊಳ್ಳಬೇಕು. ನಾನು ಒಮ್ಮೆ ಕೂದಲು ಒಣಗಿಸುವ ಡ್ರೈಯರಿಗೆ ಫ್ಯೂಸ್ ಹಾಕಿ ಕಳಿಸಿದೆ. ವಾರ ಕಳೆಯುವುದರೊಳಗೆ ಅದು ಮತ್ತೆ ಬಂತು. ಹಿಂಬದಿಯ ಜಾಲರಿಯಲ್ಲಿ ಕೂದಲು, ಧೂಳು ಕಟ್ಟಿಕೊಂಡು ಗಾಳಿ ಹೋಗದೆ ಅದು ಕಾದು ಕಾದು ಉರಿಯುತ್ತಿತ್ತು. ಫ್ಯೂಸ್ ತನ್ನ ಕೆಲಸ ಮಾಡಿತ್ತು, ನಾನು ನನ್ನದನ್ನು ಅರ್ಧ ಮಾಡಿದ್ದೆ. ಇನ್ನೊಮ್ಮೆ ಬಿಚ್ಚಿದ ಇಸ್ತ್ರಿಪೆಟ್ಟಿಗೆಯೊಂದರಲ್ಲಿ ಫ್ಯೂಸ್ ತೆಗೆದು ಬರೀ ತಂತಿ ಜೋಡಿಸಿದ್ದರು. ಓಡುತ್ತದೆ, ನಿಜ. ಮನೆಗೆ ಬೆಂಕಿ ಬೀಳುವವರೆಗೂ ಓಡುತ್ತದೆ. ನಿಮ್ಮ ಕೂಟದಲ್ಲಿ ಯಾರೂ, ಎಷ್ಟೇ ಅನುಭವಿಯಾಗಿರಲಿ, ಇದನ್ನು ಮಾಡಕೂಡದು ಎಂದು ಮೊದಲ ದಿನವೇ ಹೇಳಿಬಿಡಿ.

ಉಜ್ಜುವ ಜಾಗಕ್ಕೆ ಮಿಕ್ಸಿ ಒಳ್ಳೆಯ ಪಾಠ. ನಿಂತುಹೋದ ಮಿಕ್ಸಿ ಬಂದರೆ ಬಿಚ್ಚುವ ಮುನ್ನ ತಲೆಕೆಳಗು ಮಾಡಿ ತಳ ನೋಡಿ. ಎಷ್ಟೋ ಮಿಕ್ಸಿಗಳಿಗೆ ಅಲ್ಲೊಂದು ಓವರ್‌ಲೋಡ್ ಗುಂಡಿ ಇರುತ್ತದೆ. ಹೆಚ್ಚು ಹೊರೆ ಬಿದ್ದಾಗ ಅದು ಹೊರಗೆ ಚಾಚಿ ಮೋಟಾರನ್ನು ಉಳಿಸುತ್ತದೆ. ಒತ್ತಿದರೆ ಮುಗಿಯಿತು. ಹೊಸದು ಕೊಳ್ಳಲು ಸಿದ್ಧವಾಗಿ ಬಂದವರು ಆ ಗುಂಡಿ ಒತ್ತಿಸಿಕೊಂಡು ವಾಪಸು ಹೋದದ್ದುಂಟು. ಅದಲ್ಲವಾದರೆ ಕಾರ್ಬನ್ ಬ್ರಷ್ ನೋಡಿ. ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಈ ಇದ್ದಿಲಿನ ತುಂಡುಗಳು ಸವೆಯಲೆಂದೇ ಇರುವವು, ಪೆನ್ಸಿಲ್ ಸವೆದಂತೆ. ಸವೆದು ಮೊಟಕಾದರೆ ಜೋಡಿಯಾಗಿ ಬದಲಿಸಿ. ಮೋಟಾರ್ ಓಡುತ್ತದೆ, ಜಾರಿನ ಬ್ಲೇಡು ಮಾತ್ರ ತಿರುಗುವುದಿಲ್ಲ ಎಂದರೆ ಮೋಟಾರಿಗೂ ಜಾರಿಗೂ ಕೊಂಡಿಯಾಗಿರುವ ಕಪ್ಲರ್‌ನ ಹಲ್ಲು ಮುರಿದಿರುತ್ತದೆ. ಜಾರ್ ಸಿಕ್ಕಿಕೊಂಡಾಗ ಮೋಟಾರಿನ ಬದಲು ತಾನು ಮುರಿಯಲಿ ಎಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಸುಟ್ಟ ವಾಸನೆ ಬಂದು ಒಳಗಿನ ಸುರುಳಿ ಕಪ್ಪಾಗಿದ್ದರೆ ಅಲ್ಲಿಗೆ ನಿಲ್ಲಿಸಿ. ಹೊಸ ಸುರುಳಿ ಸುತ್ತುವುದು ಅಂಗಡಿಯ ಕೆಲಸ, ಮೇಜಿನ ಕೆಲಸವಲ್ಲ.

ಫ್ಯಾನು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಕೋಲಿನಿಂದ ಒಮ್ಮೆ ತಳ್ಳಿದರೆ ತಿರುಗಲು ಶುರುಮಾಡುತ್ತದೆ. ಹಾಗಿದ್ದರೆ ಕೆಪಾಸಿಟರ್, ಎಂದರೆ ವಿದ್ಯುತ್ತನ್ನು ಹಿಡಿದಿಟ್ಟು ಬಿಡುವ ಬಿಡಿಭಾಗ, ಸತ್ತಿದೆ. ಕೈಯಿಂದ ತಿರುಗಿಸಿದರೂ ಬಿಗಿ ಎನಿಸಿದರೆ ಅಚ್ಚು ತಿರುಗುವ ಬಳೆ, ಅಂದರೆ ಬುಷ್, ಒಣಗಿದೆ, ಶುಚಿಮಾಡಿ ಎಣ್ಣೆ ಬಿಡಿ. ಕೊಳೆ ಕೂರುವ ಜಾಗಕ್ಕೆ ಬಂದರೆ, ವ್ಯಾಕ್ಯೂಮ್ ಕ್ಲೀನರ್ ಐದು ನಿಮಿಷ ಓಡಿ ನಿಂತು, ಅರ್ಧ ಗಂಟೆ ಬಿಟ್ಟು ಮತ್ತೆ ಓಡಿದರೆ ಕೆಟ್ಟಿರುವುದು ಏನೂ ಇಲ್ಲ: ಕೊಳವೆಯಲ್ಲೋ ಫಿಲ್ಟರಿನಲ್ಲೋ ಕಸ ಕಟ್ಟಿದೆ, ಗಾಳಿ ಸಾಲದೆ ಕಾದು ರಕ್ಷಣೆಯ ಸ್ವಿಚ್ ಬೀಳುತ್ತಿದೆ. ರಿಮೋಟು, ಆಟಿಕೆ, ಟಾರ್ಚುಗಳಲ್ಲಿ ಬ್ಯಾಟರಿ ಸೋರಿ ಲೋಹದ ಪಟ್ಟಿಗೆ ಕಿಲುಬು ಹಿಡಿದಿರುತ್ತದೆ, ಉಜ್ಜಿ ತೆಗೆದರೆ ಸಾಕು. ಎಲ್‌ಇಡಿ ಬಲ್ಬಿನಲ್ಲಿ ಸಾಲಾಗಿ ಜೋಡಿಸಿದ ಚುಕ್ಕೆಗಳಲ್ಲಿ ಒಂದು ಕರಿದಾದರೆ ಇಡೀ ಸಾಲು ಆರುತ್ತದೆ. ಇದನ್ನು ಸರಿಮಾಡಬಹುದು, ಆದರೆ ಆ ಹೊತ್ತಿನಲ್ಲಿ ಒಂದು ಫ್ಯಾನು ಉಳಿಸಬಹುದು. ನನ್ನ ಮಟ್ಟಿಗೆ, ಜನ ಸಾಲುಗಟ್ಟಿರುವ ದಿನ ಬಲ್ಬುಗಳನ್ನು ಬದಿಗಿಡುವುದೇ ಸರಿ.

ಇಷ್ಟು ಹೇಳಿದ್ದು ನಿಮ್ಮಲ್ಲಿ ಒಬ್ಬಿಬ್ಬರು ಕೆಲಸ ಬಲ್ಲವರಿದ್ದರೂ ಶುರುಮಾಡಬಹುದು ಎಂಬ ಧೈರ್ಯಕ್ಕೆ. ಹಾಗೆಂದು ಎಲ್ಲವೂ ಸರಿಯಾಗುತ್ತದೆ ಎಂದುಕೊಳ್ಳಬೇಡಿ. ದಾಖಲೆ ಇಡುವ ಕೂಟಗಳ ಅನುಭವದಲ್ಲಿ ಬಂದ ಸಾಮಾನುಗಳಲ್ಲಿ ಅರ್ಧದಷ್ಟು, ಹೆಚ್ಚೆಂದರೆ ಅದಕ್ಕಿಂತ ಸ್ವಲ್ಪ ಹೆಚ್ಚು, ಸರಿಯಾಗಿ ಹೋಗುತ್ತವೆ. ಬಾಗಿಲಲ್ಲೇ ಅದನ್ನು ಹೇಳಿ.

ಬಾಗಿಲಲ್ಲಿ ಕೂರುವವರು ಯಾರು ಎಂಬುದು ನೀವು ಅಂದುಕೊಂಡಿದ್ದಕ್ಕಿಂತ ಮುಖ್ಯ. ರಿಪೇರಿ ಬಾರದ, ಆದರೆ ತಾಳ್ಮೆಯಿಂದ ಮಾತು ಕೇಳಿಸಿಕೊಳ್ಳಬಲ್ಲ ಒಬ್ಬರನ್ನು ಅಲ್ಲಿ ಕೂರಿಸಿ. ಅವರು ಚೀಟಿಯಲ್ಲಿ ಬರೆಯಬೇಕಾದದ್ದು: ಯಾವ ಸಾಮಾನು, ಯಾವ ಕಂಪನಿ, ಯಾವ ಮಾದರಿ, ಎಷ್ಟು ವರ್ಷ ಹಳೆಯದು, ಏನು ತೊಂದರೆ, ಕೊನೆಯ ಸಲ ಸರಿಯಾಗಿ ಓಡಿದ್ದು ಯಾವಾಗ, ಮೊದಲು ಯಾರಾದರೂ ಬಿಚ್ಚಿದ್ದಾರೆಯೇ. ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಒಮ್ಮೆ ಬಿಚ್ಚಿ, ಸ್ಕ್ರೂ ಕಳೆದು, ವೈರು ಅದಲುಬದಲು ಮಾಡಿ ತಂದ ಸಾಮಾನು ಅತಿ ಅಪಾಯಕಾರಿ, ಮತ್ತು ಅದನ್ನು ಹೇಳಲು ಜನ ಸಂಕೋಚಪಡುತ್ತಾರೆ. ಇನ್ನೂ ವಾರಂಟಿ ಇರುವ ಸಾಮಾನಾದರೆ ಬಿಚ್ಚದೆ ಮಾರಿದವರಲ್ಲಿಗೇ ಕಳಿಸಿ. ಒಂದು ಸಾಮಾನಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಮೂರು ಗಂಟೆಯ ಕೂಟಕ್ಕೆ ಕೆಲಸ ಬಲ್ಲವರೊಬ್ಬರಿಗೆ ನಾಲ್ಕು ಸಾಮಾನು, ಅದಕ್ಕಿಂತ ಹೆಚ್ಚು ಚೀಟಿ ಕೊಡಬೇಡಿ. ಇಪ್ಪತ್ತು ಸಾಮಾನು ಎಂಬುದು ನಿಮ್ಮ ಲೆಕ್ಕವಾದರೆ ಐದು ಮಂದಿ ಬೇಕು.

ಶಾಕ್ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನನ್ನದು ತುಸು ಗಡಸು ಧೋರಣೆ.

ಕೆಲವು ಸಾಮಾನನ್ನು ಬಾಗಿಲಲ್ಲೇ ನಯವಾಗಿ ಹಿಂದಕ್ಕೆ ಕಳಿಸಬೇಕು. ಮೈಕ್ರೊವೇವ್ ಒವನ್ ಮೊದಲನೆಯದು. ಅದರೊಳಗಿನ ಕೆಪಾಸಿಟರಿನಲ್ಲಿ ಎರಡು ಸಾವಿರ ವೋಲ್ಟಿಗೂ ಮೀರಿದ ವಿದ್ಯುತ್, ಪ್ಲಗ್ ಕಿತ್ತ ಮೇಲೂ, ಉಳಿದಿರಬಹುದು. ಮುಟ್ಟಿದವರು ಬದುಕುತ್ತಾರೆಂಬ ಭರವಸೆ ಇಲ್ಲ. ಹಳೆಯ ಗಾಜಿನ ಕೊಳವೆಯ ಟಿವಿ ಕೂಡ ಹಾಗೆಯೇ. ಗ್ಯಾಸ್ ಒಲೆ, ಗ್ಯಾಸ್ ಗೀಸರ್ ಬೇಡ. ಫ್ರಿಜ್ಜು, ಏಸಿಯ ಮುಚ್ಚಿದ ಅನಿಲದ ಕೊಳವೆಗೆ ಕೈ ಹಾಕಬೇಡಿ. ಉಬ್ಬಿದ ಲಿಥಿಯಂ ಬ್ಯಾಟರಿ ಇರುವ ಫೋನು ಬಂದರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ. ಅದನ್ನು ಇಡಲೆಂದೇ ಒಣ ಮರಳಿನ ಡಬ್ಬಿಯೊಂದನ್ನು ಹೊರಗೆ ತೆರೆದ ಜಾಗದಲ್ಲಿ ಇಟ್ಟಿರಿ. ಇದೇ ಬ್ಯಾಟರಿ ಮಾಮೂಲಿ ಕಸದ ಬುಟ್ಟಿಗೆ ಹೋಗಿ, ಕಸ ಒತ್ತುವ ಲಾರಿಯಲ್ಲಿ ನಜ್ಜುಗುಜ್ಜಾಗಿ ಬೆಂಕಿ ಹೊತ್ತಿಕೊಳ್ಳುವುದು. ಅಂಥದ್ದೊಂದನ್ನು ತಡೆದು ಬ್ಯಾಟರಿ ಸಂಗ್ರಹಿಸುವವರಿಗೆ ಮುಟ್ಟಿಸಿದರೂ ನಿಮ್ಮ ದಿನ ಸಾರ್ಥಕ.

ಒಳಗೆ ಬಿಟ್ಟ ಸಾಮಾನಿಗೂ ನಿಯಮವಿದೆ. ಪ್ಲಗ್ ಕಿತ್ತು, ಅದರ ತುದಿ ಮೇಜಿನ ಮೇಲೆ ಎಲ್ಲರ ಕಣ್ಣಿಗೆ ಕಾಣುವಂತೆ ಇರಬೇಕು, ಆಮೇಲೆ ಸ್ಕ್ರೂಡ್ರೈವರ್. ಮುಚ್ಚಳ ತೆಗೆದಿರುವಾಗ ಕರೆಂಟು ಕೊಡುವುದಿಲ್ಲ. ಚಾರ್ಜರು, ಅಡಾಪ್ಟರುಗಳ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟಿಗೂ ಮೀರಿದ ವಿದ್ಯುತ್ ಉಳಿದಿರಬಹುದು, ಅದನ್ನು ರೆಸಿಸ್ಟರ್ ಮೂಲಕ ಇಳಿಸಲು ಬಲ್ಲವರು ಮಾತ್ರ ಮುಟ್ಟಲಿ. ಪರೀಕ್ಷೆಗೆ ಒಂದೇ ಒಂದು ಮೇಜು ಇರಲಿ, ಅದಕ್ಕೆ 30 ಮಿಲಿ ಆಂಪಿಯರಿನಷ್ಟು ಕರೆಂಟು ಸೋರಿದರೂ ತಾನೇ ಬೀಳುವ ಲೀಕೇಜ್ ರಕ್ಷಣೆಯ ಬ್ರೇಕರ್ ಇರಲಿ. ಆ ಮೇಜಿನಲ್ಲಿ ಸೀರೀಸ್ ಬಲ್ಬಿನ ಬೋರ್ಡೊಂದನ್ನು ಇಟ್ಟುಕೊಳ್ಳಿ: ಹಳೆಯ ಕಾಲದ ತಂತಿಯ ಬಲ್ಬು, ಅದರ ಮುಂದೆ ಸಾಲಾಗಿ ಸಾಕೆಟ್ಟು. ಸರಿಮಾಡಿದ ಸಾಮಾನನ್ನು ಮೊದಲು ಅದರಲ್ಲಿ ಸಿಕ್ಕಿಸಿ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಬೆಳಗುತ್ತದೆ, ಅಷ್ಟೇ. ಫ್ಯೂಸ್ ಹಾರುವುದಿಲ್ಲ, ಕಿಡಿ ಚಿಮ್ಮುವುದಿಲ್ಲ. ಕಾಯಿಲ್ ಇರುವ ಸಾಮಾನಿಗೂ ಬಲ್ಬು ಚೆನ್ನಾಗಿಯೇ ಉರಿಯುತ್ತದೆ ಎಂಬುದು ನೆನಪಿರಲಿ, ಅದನ್ನು ಶಾರ್ಟ್ ಎಂದು ತಪ್ಪು ತಿಳಿಯಬೇಡಿ. ಲೋಹದ ಮೈ ಇರುವ ಸಾಮಾನಾದರೆ ಪ್ಲಗ್ಗಿನ ಅರ್ತ್ ಕಡ್ಡಿಗೂ ಮೈಗೂ ಸಂಪರ್ಕ ಗಟ್ಟಿಯಾಗಿದೆಯೇ, ಕರೆಂಟಿನ ಕಡ್ಡಿಗಳಿಗೂ ಮೈಗೂ ನಡುವೆ ಎಳ್ಳಷ್ಟೂ ಸಂಪರ್ಕ ಇಲ್ಲವೇ ಎಂದು ಮೀಟರಿನಲ್ಲಿ ನೋಡದೆ ಕಳಿಸಬಾರದು. ರಿಪೇರಿ ಮಾಡಿದವರೇ ಈ ಪರೀಕ್ಷೆ ಮಾಡಬಾರದು, ಇನ್ನೊಬ್ಬರು ಮಾಡಬೇಕು. ತನ್ನ ಕೆಲಸದ ಮೇಲೆ ಪ್ರೀತಿ ಇರುವವರಿಗೆ ತನ್ನ ತಪ್ಪು ಕಾಣುವುದಿಲ್ಲ.

ಪರೀಕ್ಷೆಯಲ್ಲಿ ಸೋತ ಸಾಮಾನನ್ನು, ತಂದವರು ಎಷ್ಟೇ ಕೇಳಿದರೂ, ‘ಓಡುತ್ತದಲ್ಲ, ಕೊಡಿ’ ಎಂದರೂ, ಓಡುವ ಸ್ಥಿತಿಯಲ್ಲಿ ಕೊಡಬೇಡಿ. ಅವರ ಒಪ್ಪಿಗೆ ಪಡೆದು ಪ್ಲಗ್ ಕತ್ತರಿಸಿ. ಹೊಣೆಯ ಪ್ರಶ್ನೆಗೆ, ಚೀಟಿಯ ಮೇಲ್ಭಾಗದಲ್ಲೇ ಬರೆದಿರಲಿ: ಇದು ಉಚಿತ ಸಹಾಯ, ಸರಿಯಾಗುತ್ತದೆ ಎಂಬ ಖಾತ್ರಿ ಇಲ್ಲ, ಬಿಚ್ಚಿದ ಮೇಲೆ ಇದ್ದದ್ದೂ ಕೆಡಬಹುದು. ಓದಿ ಸಹಿ ಹಾಕಿದ ಮೇಲೆ ಸ್ಕ್ರೂ ಮುಟ್ಟಿ. ಆದರೆ ಸಹಿ ನಿಮ್ಮ ಎಚ್ಚರಕ್ಕೆ ಬದಲಿಯಲ್ಲ. ಕೂಟ ನಿಯಮಿತವಾದ ಮೇಲೆ ನಿಮ್ಮಲ್ಲಿನ ಕಾನೂನು ಬಲ್ಲವರನ್ನೂ ವಿಮೆಯವರನ್ನೂ ಒಮ್ಮೆ ಕೇಳಿ, ಹಲವು ಕಡೆ ಇಂಥ ಕೂಟಗಳು ಹೊಣೆಗಾರಿಕೆ ವಿಮೆ ಮಾಡಿಸಿಕೊಳ್ಳುತ್ತವೆ.

ಬಟ್ಟೆ, ಕುರ್ಚಿ, ಸೈಕಲ್ಲುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಹೊಲಿಗೆ ಯಂತ್ರ ಇಟ್ಟುಕೊಳ್ಳಿ. ಬ್ಯಾಗಿನ ಜಿಪ್ ಕಚ್ಚುವುದಿಲ್ಲ ಎಂದು ಬಿಸಾಡುವವರು ಬಹಳ. ಹೆಚ್ಚಿನ ಸಲ ಹಲ್ಲು ಗಟ್ಟಿಯಾಗೇ ಇರುತ್ತವೆ, ಸವೆದಿರುವುದು ಜಾರುವ ತುಣುಕು. ಇಕ್ಕಳದಿಂದ ಅದರ ಎರಡೂ ಬದಿ ಮೆಲ್ಲಗೆ ಒತ್ತಿದರೆ ಮತ್ತೆ ಕಚ್ಚುತ್ತದೆ. ಈ ಮೇಜುಗಳಿಗೆ ಶಾಕಿನ ಭಯವಿಲ್ಲದ್ದರಿಂದ ಮಕ್ಕಳನ್ನೂ ಕೂರಿಸಬಹುದು.

ಅಂಗಡಿಯವರ ಹೊಟ್ಟೆಯ ಮಾತು. ನಿಮ್ಮಲ್ಲಿಗೆ ಬರುವುದು ಬಹುತೇಕ ಅಂಗಡಿಗೆ ಹೋಗದ ಸಾಮಾನು. ರಿಪೇರಿ ಖರ್ಚು ಮೂಗಿಗಿಂತ ಮೂಗುತಿ ಭಾರ ಎನಿಸಿ ಅಟ್ಟಕ್ಕೆ ಸೇರಿದ ಕೆಟಲ್, ಟಾರ್ಚು, ಆಟಿಕೆ. ಅಂಗಡಿಯವರಿಗೂ ಅಂಥದ್ದರಲ್ಲಿ ಕೂಲಿ ಹುಟ್ಟುವುದಿಲ್ಲ. ಸುರುಳಿ ಸುತ್ತುವುದು, ಬೋರ್ಡ್ ಬದಲಿಸುವುದು, ಹೊಸ ಪರದೆ ಕೂರಿಸುವುದು ನಿಮ್ಮಿಂದ ಆಗದು, ಅವರ ಕೆಲಸ. ಹತ್ತಿರದ ನಾಲ್ಕು ನಂಬಿಕಸ್ಥ ರಿಪೇರಿಯವರ ಹೆಸರು, ಅವರು ಏನೇನು ಮಾಡುತ್ತಾರೆ ಎಂಬುದನ್ನು ಬರೆದು ಗೋಡೆಗೆ ಹಚ್ಚಿ, ನಿಮ್ಮಿಂದ ಆಗದ್ದನ್ನು ಅಲ್ಲಿಗೆ ಕಳಿಸಿ. ಶುರುಮಾಡುವ ಮುನ್ನವೇ ಅವರ ಬಳಿ ಹೋಗಿ ಮಾತಾಡಿ. ಬಿಡುವಿದ್ದರೆ ಬಂದು ಕೂರಿ ಎಂದು ಕರೆಯಿರಿ. ಮೂವತ್ತು ವರ್ಷ ಮೋಟಾರು ಬಿಚ್ಚಿದವರ ಕೈ ಪುಸ್ತಕದಲ್ಲಿಲ್ಲದ್ದನ್ನು ಕಲಿಸುತ್ತದೆ. ಅವರಿಗೆ ಮಾತ್ರ ಗೌರವಧನ ಕೊಡಲೇಬೇಕು. ಅದು ಅವರ ಹೊಟ್ಟೆಪಾಡು, ನಮ್ಮ ಹವ್ಯಾಸವಲ್ಲ.

ಇನ್ನು ಸರಿಯಾಗದೆ ಹೋದ ಅರ್ಧ. ಅದನ್ನು ಸೋಲೆಂದು ಬದಿಗೆ ತಳ್ಳಬೇಡಿ, ನಿಮ್ಮ ಕೂಟದಿಂದ ಹೊರಜಗತ್ತಿಗೆ ಹೋಗಬಹುದಾದ ಅತಿ ಬೆಲೆಬಾಳುವ ಸಂಗತಿ ಅದರಲ್ಲೇ ಇದೆ. ಯಾಕೆ ಆಗಲಿಲ್ಲ ಎಂದು ಚೀಟಿಯಲ್ಲಿ ಬರೆಯಿರಿ. ಬಿಚ್ಚಲು ಆಗಲಿಲ್ಲವೇ? ಮೂರು ಮೂಲೆಯ ವಿಚಿತ್ರ ಸ್ಕ್ರೂ ಇತ್ತೇ, ಅಂಟು ಹಾಕಿದ್ದರೇ? ಬಿಡಿಭಾಗ ಸಿಗಲಿಲ್ಲವೇ, ಸಿಕ್ಕರೂ ಹೊಸದರಷ್ಟೇ ಬೆಲೆಯೇ? ಹೀಗೆ ಬರೆದಿಟ್ಟ ಚೀಟಿಗಳನ್ನು ಒಟ್ಟುಗೂಡಿಸಲೆಂದೇ 2017ರಲ್ಲಿ ಹಲವು ದೇಶಗಳ ರಿಪೇರಿ ಕೂಟಗಳು ಸೇರಿ ‘ಓಪನ್ ರಿಪೇರ್ ಅಲಯನ್ಸ್’ ಕಟ್ಟಿಕೊಂಡವು. ಎಲ್ಲರೂ ಒಂದೇ ಮಾದರಿಯಲ್ಲಿ ದಾಖಲಿಸಿದರೆ ಯಾವ ಸಾಮಾನು ಯಾಕೆ ಕೆಡುತ್ತದೆ, ಎಲ್ಲಿ ರಿಪೇರಿ ತಡೆಯಲ್ಪಡುತ್ತದೆ ಎಂದು ಕಾನೂನು ಮಾಡುವವರ ಮುಂದೆ ಇಡಬಹುದು.

ಆ ಕಾನೂನುಗಳು ನಿಧಾನವಾಗಿಯಾದರೂ ಬರುತ್ತಿವೆ. ಫ್ರಾನ್ಸಿನಲ್ಲಿ 2021ರ ಜನವರಿಯಿಂದ ಫೋನು, ಲ್ಯಾಪ್‌ಟಾಪು, ಟಿವಿ, ಬಟ್ಟೆ ಒಗೆಯುವ ಯಂತ್ರಗಳಂಥ ಸಾಮಾನಿನ ಮೇಲೆ ರಿಪೇರಿಗೆ ಎಷ್ಟು ಸುಲಭ ಎಂದು ಹತ್ತಕ್ಕೆ ಇಷ್ಟು ಎಂಬ ಅಂಕ ಹಚ್ಚುವುದು ಕಡ್ಡಾಯವಾಯಿತು. ಯುರೋಪಿನ ಒಕ್ಕೂಟದಲ್ಲಿ ಅದೇ ವರ್ಷದ ಮಾರ್ಚಿನಿಂದ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಒಗೆಯುವ ಯಂತ್ರಕ್ಕೆ ಹತ್ತು ವರ್ಷ, ಫ್ರಿಜ್ಜಿಗೆ ಏಳು ವರ್ಷ ಮುಖ್ಯ ಬಿಡಿಭಾಗ ಕೊಡಬೇಕು. 2024ರಲ್ಲಿ ಬಂದ ನಿರ್ದೇಶನ ವಾರಂಟಿ ಮುಗಿದ ಮೇಲೂ ಕೆಲವು ಬಗೆಯ ಸಾಮಾನನ್ನು ತಯಾರಕರು ರಿಪೇರಿ ಮಾಡಿಕೊಡಲೇಬೇಕು ಎನ್ನುತ್ತದೆ. ಆದರೆ ಆ ಪಟ್ಟಿ ಓದಿದಾಗ ನನಗೆ ಕಂಡದ್ದು, ನಮ್ಮ ಮೇಜಿಗೆ ದಿನಾ ಬರುವ ಕೆಟಲ್, ಇಸ್ತ್ರಿಪೆಟ್ಟಿಗೆ, ಕೂದಲು ಒಣಗಿಸುವ ಡ್ರೈಯರುಗಳ ಹೆಸರು ಅದರಲ್ಲಿಲ್ಲ. ದೊಡ್ಡ ಯಂತ್ರಗಳಿಗೆ ಕಾನೂನಿನ ಆಸರೆ ಸಿಗುತ್ತಿರುವಾಗ ಸಣ್ಣವು ಹಾಗೇ ಉಳಿದಿವೆ. ಅವುಗಳ ಪರವಾಗಿ ಹೇಳಲು ಆಧಾರ ಇರುವುದು ನಿಮ್ಮಂಥವರು ಬರೆದಿಟ್ಟ ಚೀಟಿಗಳಲ್ಲಿ ಮಾತ್ರ.

ಸರಿಯಾಗದ ಸಾಮಾನು ಮೇಜಿನ ಕೆಳಗೆ ರಾಶಿ ಬೀಳದಂತೆ ನೋಡಿಕೊಳ್ಳಿ. ತಂದವರೇ ಒಯ್ಯಬೇಕು ಎಂಬುದು ನಿಯಮ. ಬೇಡವೆಂದರೆ ಅವರ ಒಪ್ಪಿಗೆಯಿಂದ ಸ್ವಿಚ್ಚು, ವೈರು, ಸ್ಕ್ರೂ, ಕಪ್ಲರು, ಗುಂಡಿಗಳನ್ನು ಬಿಚ್ಚಿ ಡಬ್ಬಿಗಳಲ್ಲಿ ಇಟ್ಟುಕೊಳ್ಳಿ, ಉಳಿದದ್ದನ್ನು ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ. ತಾಮ್ರಕ್ಕಾಗಿ ವೈರು ಸುಡುವವರ ಕೈಗೆ ಹೋಗದಿರಲಿ. ಆ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷವಿರುತ್ತದೆ, ಅದನ್ನು ಉಸಿರಾಡುವವರು ಬಡವರು ಮತ್ತು ಅವರ ಮಕ್ಕಳು.

ಮೊದಲ ಕೂಟವನ್ನು ಚಿಕ್ಕದಾಗಿ ಮಾಡಿ. ಎರಡು ಮೇಜು, ಎಂಟು ಚೀಟಿ ಸಾಕು. ಮಲ್ಟಿಮೀಟರ್ ಎರಡು, ನಕ್ಷತ್ರದ ತುದಿಯೂ ಸೇರಿದಂತೆ ಎಲ್ಲ ಬಗೆಯ ಬಿಟ್ ಇರುವ ಸ್ಕ್ರೂಡ್ರೈವರ್ ಸೆಟ್, ಇಕ್ಕಳ, ಕ್ರಿಂಪ್ ಮಾಡುವ ಸಲಕರಣೆ, ಸೋಲ್ಡರಿಂಗ್ ಐರನ್, ಪ್ಲಾಸ್ಟಿಕ್ ಮುಚ್ಚಳ ಎಬ್ಬಿಸಲು ಹಳೆಯ ಗಿಟಾರ್ ಪಿಕ್ ಅಥವಾ ಕಾರ್ಡು, ಬಿಚ್ಚಿದ ಸ್ಕ್ರೂ ಇಡಲು ಬಟ್ಟಲುಗಳು, ಒಂದು ಬ್ರಷ್ಷು, ಒಳ್ಳೆಯ ಬೆಳಕು. ಬಿಚ್ಚುವ ಪ್ರತಿ ಹಂತದಲ್ಲೂ ತಂದವರ ಫೋನಿನಲ್ಲೇ ಒಂದು ಚಿತ್ರ ತೆಗೆಸಿ, ಮತ್ತೆ ಜೋಡಿಸುವಾಗ ಯಾವ ವೈರು ಎಲ್ಲಿತ್ತು ಎಂಬ ಗಲಿಬಿಲಿ ಇರುವುದಿಲ್ಲ. ಆ ಚಿತ್ರಗಳು ಅವರ ಬಳಿಯೇ ಉಳಿಯುತ್ತವೆ, ಮುಂದಿನ ಸಲ ಮನೆಯಲ್ಲೇ ಮುಚ್ಚಳ ತೆಗೆಯಲು ಅವರಿಗೆ ಅಷ್ಟು ಸಾಕಾಗಬಹುದು.

ಆಕ್ಷೇಪ ಎತ್ತಿದ ಮನೆಯವರಿಗೆ ಮೊದಲ ದಿನ ಬಾಗಿಲ ಬಳಿಯ ಕುರ್ಚಿ ಕೊಡಿ. ಪ್ರಶ್ನೆ ಕೇಳುವುದು ಅವರಿಗೆ ಚೆನ್ನಾಗಿ ಬರುತ್ತದೆ, ಆ ಕುರ್ಚಿಗೆ ಬೇಕಾದದ್ದು ಅದೇ. ಮತ್ತು ಎಂಟು ಚೀಟಿಗಳನ್ನೂ, ಸರಿಯಾದದ್ದು ಸರಿಯಾಗದ್ದು ಎನ್ನದೆ, ಜೋಪಾನವಾಗಿ ಫೈಲಿನಲ್ಲಿ ಇಟ್ಟಿರಿ.